ಮುಷ್ಟಿಗಿಂತ ಮೊದಲು ಭುಜ

ಎಲ್ಲರೂ ಒಂದ್ಸಲ ಬಲಗೈ ಮುಂದೆ ಚಾಚಿ. ಗಟ್ಟಿಯಾಗಿ ಮುಷ್ಟಿ ಕಟ್ಟಿ. ಇನ್ನೂ ಗಟ್ಟಿ. ಹಾಗೇ ಇರಿ. ಈಗ ಪಕ್ಕದಲ್ಲಿ ಕೂತವರ ಭುಜ ನೋಡಿ. ಎಲ್ಲಿದೆ? ಕಿವಿಯ ಹತ್ತಿರಕ್ಕೆ ಹೋಗಿದೆ, ಅಲ್ವಾ? ಸಾಕು, ಕೈ ಬಿಡಿ.

ಹದಿನಾಲ್ಕು ವರ್ಷದ ಹಿಂದೆ ನಾಹಾ ಊರಿನ ಒಂದು ಸಣ್ಣ ದೋಜೋದಲ್ಲಿ ನಾನೂ ಹೀಗೇ ನಿಂತಿದ್ದೆ. ನಾಹಾ ಅಂದರೆ ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದ ರಾಜಧಾನಿ. ದೋಜೋ ಅಂದರೆ ಕರಾಟೆ ಕಲಿಯುವ ಜಾಗ. ಅಲ್ಲಿ ಮೇಲೆ ಮನೆ, ಕೆಳಗೊಂದು ಹಾಲ್. ಮರದ ನೆಲ, ಗೋಡೆಗೆ ಎರಡು ಫ್ಯಾನು, ಮೂಲೆಯಲ್ಲಿ ಕಲ್ಲು ಕಟ್ಟಿದ ಕೋಲುಗಳು, ಮಣ್ಣಿನ ಜಾಡಿಗಳು. ಅಷ್ಟು ಹೊತ್ತಿಗೆ ನಾನು ನಮ್ಮೂರಲ್ಲಿ ಹನ್ನೆರಡು ವರ್ಷ ಕರಾಟೆ ಕಲಿತಿದ್ದೆ. ಕಪ್ಪು ಬೆಲ್ಟ್ ಕಟ್ಟಿ ಮಕ್ಕಳಿಗೆ ಹೇಳಿಕೊಡುತ್ತಲೂ ಇದ್ದೆ. ಸೆನ್ಸೇಗೆ, ಅಂದರೆ ಅಲ್ಲಿನ ಗುರುಗಳಿಗೆ, ಆಗ ಎಪ್ಪತ್ತರ ಆಸುಪಾಸು. "ಒಂದು ಗುದ್ದು ತೋರಿಸು" ಅಂದರು. ತೋರಿಸಿದೆ. ಅವರ ಕಣ್ಣು ನನ್ನ ಮುಷ್ಟಿಯ ಕಡೆ ಹೋಗಲೇ ಇಲ್ಲ. ಹಿಂದೆ ಬಂದು ನಿಂತರು. ಎರಡು ಬೆರಳು ನನ್ನ ಭುಜದ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದರು. "ಇನ್ನೊಂದು." ಮತ್ತೆ ಗುದ್ದಿದೆ. ಭುಜ ಮತ್ತೆ ಎದ್ದಿತು. ಮತ್ತೆ ಒತ್ತಿದರು. ಆ ಸಂಜೆ ಪೂರ್ತಿ ಇಷ್ಟೇ ನಡೆದದ್ದು. ಸುಮಾರು ಒಂದೂವರೆ ಗಂಟೆ.

ರೂಮಿಗೆ ಬಂದ ಮೇಲೆ ನೆನಪಾಯಿತು, ಇದನ್ನು ನಾನು ಮೊದಲೇ ಓದಿದ್ದೆ. 1908ರಲ್ಲಿ ಇತೊಸು ಆಂಕೊ ಎಂಬ ಹಿರಿಯ ಗುರು ಒಕಿನಾವಾದ ಶಿಕ್ಷಣ ಇಲಾಖೆಗೆ ಒಂದು ಪತ್ರ ಬರೆದರು. ಕರಾಟೆಯನ್ನು ಶಾಲೆಗಳಲ್ಲಿ ಕಲಿಸಬೇಕು ಎಂದು ಹತ್ತು ಮಾತು ಹೇಳಿದ ಪತ್ರ ಅದು. ಅದರಲ್ಲಿ ಮಾಕಿವಾರಾ ಹಲಗೆಗೆ ಗುದ್ದುವುದು ಹೇಗೆ ಅಂತಲೂ ಇದೆ. ಭುಜ ಇಳಿಸು, ಎದೆ ಬಿಚ್ಚು, ಕಾಲಿಂದ ನೆಲ ಹಿಡಿ, ಶಕ್ತಿಯನ್ನು ಕಿಬ್ಬೊಟ್ಟೆಗೆ ಇಳಿಸು, ಆಮೇಲೆ ಒಂದೊಂದು ಕೈಯಿಂದ ನೂರು ಇನ್ನೂರು ಸಲ ಹೊಡೆ. ನೋಡಿ, ಭುಜದ ಮಾತು ಮೊದಲು ಬರುತ್ತದೆ. ಕೈಯ ಸರದಿ ಕೊನೆಗೆ. ನಾನು ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು "ಇನ್ನೂರು" ಅನ್ನೋ ಸಂಖ್ಯೆ ಮಾತ್ರ.

ಇವತ್ತು ಕೈಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಒಕಿನಾವಾದವರಿಗೆ ಇದು ಹೆಸರಿನಲ್ಲೇ ಇದೆ. ಅವರ ಮಾತಲ್ಲಿ ಈ ವಿದ್ಯೆಯ ಹಳೇ ಹೆಸರು "ತಿ". ಅಂದರೆ ಕೈ, ಅಷ್ಟೇ. ಶುರಿಯ ಕೈ, ನಾಹಾದ ಕೈ, ತೊಮಾರಿಯ ಕೈ ಅಂತ ಊರಿನ ಹೆಸರು ಸೇರಿಸಿ ಕರೆಯುತ್ತಿದ್ದರು. ಇವು ಎಷ್ಟೋ ದೂರದ ಊರುಗಳು ಅಂದುಕೊಂಡಿದ್ದೆ. ಹೋಗಿ ನೋಡಿದರೆ ನಾಹಾದ ಮಧ್ಯದಿಂದ ಶುರಿಗೆ ಮಾನೋರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ತೊಮಾರಿ ಅಲ್ಲೇ ಬಂದರಿನ ಪಕ್ಕ. ಶುರಿಯಲ್ಲಿ ರಾಜರ ಅರಮನೆ, ನಾಹಾ ಮತ್ತು ತೊಮಾರಿಯಲ್ಲಿ ಹಡಗು ಕಟ್ಟೆ. ರ್ಯೂಕ್ಯೂ ಎಂಬ ಪುಟ್ಟ ರಾಜ್ಯ ಅದು. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅದಕ್ಕೂ ಮೊದಲು ನೂರಾರು ವರ್ಷ ಚೀನಾದ ಜೊತೆ ವ್ಯಾಪಾರ, ಹೋಗಿಬರುವುದು ಇತ್ತು. ಕಲಿಕೆಯೂ ಅದೇ ಹಡಗಿನಲ್ಲಿ ಬಂತು. ಹಾಗಾಗಿ "ತೋದೆ" ಅಂತಲೂ ಕರೆದರು, ಚೀನಾದ ಕೈ ಅಂತ ಅರ್ಥ. ಅದೇ ಅಕ್ಷರಗಳನ್ನು "ಕರಾತೆ" ಅಂತಲೂ ಓದಬಹುದು. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಗುರುಗಳೆಲ್ಲ ಸಭೆ ಸೇರಿ "ಖಾಲಿ ಕೈ" ಅಂತ ಬರೆಯುವುದನ್ನು ಒಪ್ಪಿದರು. 2005ರಿಂದ ಆ ದಿನವನ್ನು ಅಲ್ಲಿ ಕರಾಟೆ ದಿನ ಅಂತ ಆಚರಿಸುತ್ತಾರೆ.

ನಮ್ಮಲ್ಲಿ ಎಲ್ಲಿ ಹೋದರೂ ಒಬ್ಬರಾದರೂ ಕೇಳುತ್ತಾರೆ, ಇದು ಬೌದ್ಧ ಭಿಕ್ಷು ಬೋಧಿಧರ್ಮರು ಇಲ್ಲಿಂದ ಚೀನಾಕ್ಕೆ ತಗೊಂಡು ಹೋದದ್ದಲ್ವಾ ಅಂತ. ಕೇಳೋದಕ್ಕೆ ಹೆಮ್ಮೆ ಅನಿಸುತ್ತದೆ, ನನಗೂ ಅನಿಸುತ್ತಿತ್ತು. ಆದರೆ ಆ ಕಥೆಗೆ ಗಟ್ಟಿ ಆಧಾರ ಇಲ್ಲ. ಜಾಡು ಹಿಡಿದು ಹೋಗಬಹುದಾದ ದಾರಿ ಒಕಿನಾವಾದಿಂದ ಚೀನಾದ ಫುಝೌ ಪಟ್ಟಣಕ್ಕೆ ಹೋಗುತ್ತದೆ. ಹಿಗಾಓನ್ನಾ ಕಾನ್‌ರ್ಯೋ ಅಲ್ಲಿ ಕಲಿತು ಬಂದರು, ಅವರ ಶಿಷ್ಯ ಮಿಯಾಗಿ ಚೋಜುನ್ ಅದನ್ನು ಗೋಜು-ರ್ಯೂ ಎಂಬ ಶೈಲಿಯಾಗಿ ಕಟ್ಟಿದರು. ಉಎಚಿ ಕಾನ್‌ಬುನ್ 1897ರಲ್ಲಿ ಅಲ್ಲಿಗೆ ಹೋಗಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದು ಬಂದರು. ಕಲಿಸಿದವರಿಗೆ ಸಲ್ಲಬೇಕಾದದ್ದು ಅವರಿಗೇ ಸಲ್ಲಲಿ.

ಮುಷ್ಟಿಗೆ ಬರೋಣ. ಸೆನ್ಸೇ ಎರಡನೇ ದಿನ ಕೈ ತೆರೆಸಿ, ಮುಷ್ಟಿ ಕಟ್ಟುವುದನ್ನು ಮೊದಲಿಂದ ಹೇಳಿಕೊಟ್ಟರು. ಕಿರುಬೆರಳಿಂದ ಶುರು ಮಾಡಬೇಕು. ಬೆರಳ ತುದಿಯನ್ನು ಅದರ ಬುಡಕ್ಕೇ ಸುರುಳಿ ಸುತ್ತಬೇಕು, ಚಾಪೆ ಸುತ್ತಿದ ಹಾಗೆ. ಆಮೇಲೆ ಉಂಗುರಬೆರಳು, ನಡುಬೆರಳು, ತೋರುಬೆರಳು. ಹೆಬ್ಬೆರಳನ್ನು ಮೇಲಿಂದ ಅಡ್ಡ ಇಟ್ಟು ಬೀಗ ಹಾಕಬೇಕು. ಬಿಗಿ ಕಿರುಬೆರಳಿನ ಕಡೆಗಿರಬೇಕು, ಕುಡುಗೋಲು ಹಿಡಿಯುವಾಗ ಇರುವ ಹಾಗೆ. ಆದರೆ ತಾಗಬೇಕಾದ್ದು ಆ ಕಡೆಯ ಗೆಣ್ಣು ಅಲ್ಲ. ತೋರುಬೆರಳು, ನಡುಬೆರಳು, ಇವೆರಡರ ದೊಡ್ಡ ಗೆಣ್ಣು ಮಾತ್ರ ತಾಗಬೇಕು.

ಯಾಕೆ ಅಂತ ನೀವೇ ನೋಡಿ. ಎಡಗೈಯಿಂದ ಬಲ ಹಸ್ತದ ತೋರುಬೆರಳಿನ ಕೆಳಗಿನ ಮೂಳೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಜಗ್ಗುವುದಿಲ್ಲ. ನಡುಬೆರಳಿನದ್ದೂ ಅಷ್ಟೇ. ಈಗ ಕಿರುಬೆರಳಿನ ಕೆಳಗಿನ ಮೂಳೆ ಹಿಡಿದು ನೋಡಿ. ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ, ಅಲ್ವಾ? ಮೊದಲಿನ ಎರಡು ಮೂಳೆಗಳು ಮಣಿಕಟ್ಟಿಗೆ ಭದ್ರವಾಗಿ ಕೂತಿವೆ. ಅಲ್ಲಿ ತಾಗಿದ ಪೆಟ್ಟು ನೇರವಾಗಿ ಮುಂಗೈಗೆ, ಮೊಣಕೈಗೆ, ಬೆನ್ನಿಗೆ ಹೋಗಿ ಕೊನೆಗೆ ನೆಲ ಮುಟ್ಟುತ್ತದೆ. ಕಿರುಬೆರಳಿನ ಕಡೆ ತಾಗಿದರೆ ಪೆಟ್ಟಿಗೆ ಹೋಗಲು ದಾರಿ ಇಲ್ಲ. ಅಲ್ಲೇ ಮೂಳೆ ಮುರಿಯುತ್ತದೆ. ಡಾಕ್ಟರುಗಳು ಅದನ್ನು ಬಾಕ್ಸರ್ ಮುರಿತ ಅಂತಲೇ ಕರೆಯುತ್ತಾರೆ. ಪಳಗಿದ ಬಾಕ್ಸರುಗಳಿಗಿಂತ ಕೋಪದಲ್ಲಿ ಗೋಡೆಗೆ ಗುದ್ದುವವರಿಗೇ ಅದು ಜಾಸ್ತಿ ಆಗುವುದು.

ನನಗೂ ಆಗಿದೆ. ಇಲ್ಲಿ ನೋಡಿ, ಕಿರುಬೆರಳಿನ ಗೆಣ್ಣು ಉಳಿದವಕ್ಕಿಂತ ಒಳಗೆ ಹೋಗಿದೆ. ಹದಿನೇಳನೇ ವಯಸ್ಸಿನಲ್ಲಿ ನಾನು ಹೋಗುತ್ತಿದ್ದ ಒಂದು ಕ್ಲಾಸಿನಲ್ಲಿ ಮರಳು ತುಂಬಿದ ಗೋಣಿಚೀಲ ನೇತು ಹಾಕಿದ್ದರು. ಮಳೆಗಾಲದಲ್ಲಿ ಮರಳು ತೇವ ಹಿಡಿದು ಕಲ್ಲಾಗಿತ್ತು. "ಶಕ್ತಿ ಹಾಕಿ ಹೊಡೀರೋ" ಅಂತ ಕೂಗುತ್ತಿದ್ದರು. ಮಣಿಕಟ್ಟು ನೆಟ್ಟಗಿದೆಯಾ ಅಂತ ಒಬ್ಬರೂ ನೋಡಲಿಲ್ಲ. ಆರು ವಾರ ಪ್ಲಾಸ್ಟರು. ನಮ್ಮಮ್ಮ ಎರಡು ವಾರ ಅನ್ನ ಕಲಸಿ ಕೊಟ್ಟರು. ಅಂದು ಯಾರಾದರೂ ಬಂದು ಈ ಭುಜ ಒತ್ತಿದ್ದರೆ ಸಾಕಿತ್ತು. ಭುಜ ಎದ್ದರೆ ಮೊಣಕೈ ಹೊರಕ್ಕೆ ಹೋಗುತ್ತದೆ. ಮೊಣಕೈ ಹೊರಕ್ಕೆ ಹೋದರೆ ಮುಷ್ಟಿ ಓರೆಯಾಗಿ ಕಿರುಬೆರಳಿನ ಕಡೆ ಮೊದಲು ತಾಗುತ್ತದೆ. ಇದು ನನಗೆ ತಿಳಿದದ್ದು ಹತ್ತು ವರ್ಷ ಕಳೆದು, ನಾಹಾದಲ್ಲಿ.

ಇನ್ನು ಮಾಕಿವಾರಾ. ಕರಾಟೆಯ ಕೈಯನ್ನು ತಯಾರು ಮಾಡುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಉದ್ದ ಹಲಗೆ. ಸುಮಾರು ಏಳಡಿ. ಅದರಲ್ಲಿ ಎರಡೂವರೆ ಅಡಿ ನೆಲದೊಳಗೆ ಹೂತಿರುತ್ತದೆ, ಸುತ್ತ ಕಲ್ಲು ತುಂಬಿ ಗಟ್ಟಿ ಮಾಡಿರುತ್ತಾರೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳ್ಳಗೆ. ತುದಿಗೆ, ಎದೆಯ ಎತ್ತರದಲ್ಲಿ, ಭತ್ತದ ಹುಲ್ಲಿನ ಹಗ್ಗ ಬಿಗಿಯಾಗಿ ಸುತ್ತಿರುತ್ತಾರೆ. "ಮಾಕಿವಾರಾ" ಅಂದರೆ ಸುತ್ತಿದ ಹುಲ್ಲು ಅಂತಲೇ ಅರ್ಥ. ತೆಳ್ಳಗೆ ಯಾಕೆ ಅಂದರೆ, ಹೊಡೆದಾಗ ಹಲಗೆ ಹಿಂದಕ್ಕೆ ಬಾಗಬೇಕು. ಬಾಗಿ ವಾಪಸ್ ನಿಮ್ಮನ್ನು ತಳ್ಳಬೇಕು. ಗೋಡೆಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಗೋಡೆ ನಿಮ್ಮ ಪೆಟ್ಟನ್ನು ಒಂದೇ ಸಲಕ್ಕೆ ಮುಖಕ್ಕೆ ಎಸೆಯುತ್ತದೆ. ಹಲಗೆ ಮೊದಲು ಸ್ವಲ್ಪ ಬಿಟ್ಟುಕೊಡುತ್ತದೆ, ದೂಡಿದಷ್ಟೂ ಬಿಗಿಯಾಗುತ್ತಾ ಹೋಗುತ್ತದೆ. ನಿಮ್ಮ ದೇಹದಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲಿಗೆ ಆ ಒತ್ತಡ ಬಂದು ಮುಟ್ಟುತ್ತದೆ. ಭುಜ ಎದ್ದಿದ್ದರೆ ಭುಜದಲ್ಲಿ ಚುಳ್ ಅನ್ನುತ್ತದೆ. ಹಿಮ್ಮಡಿ ಎದ್ದಿದ್ದರೆ ಇಡೀ ಮೈ ಹಿಂದಕ್ಕೆ ಹೋಗುತ್ತದೆ. ಪಕ್ಕದಲ್ಲಿ ನಿಂತು ಯಾರೂ ಹೇಳಬೇಕಾಗಿಲ್ಲ.

ನಮ್ಮ ಸೆನ್ಸೇ ದೋಜೋದ ಹಿತ್ತಲಲ್ಲಿ ಎರಡು ಹಲಗೆ ಇದ್ದವು. ಒಂದರ ಹಗ್ಗ ಹೊಸದು, ಹಳದಿ. ಇನ್ನೊಂದರದ್ದು ನಡುವಿನಲ್ಲಿ ಕಂದಾಗಿ, ನುಣುಪಾಗಿ, ಮನೆಯ ಹಳೇ ಹೊಸ್ತಿಲಿನ ಹಾಗೆ ತಗ್ಗು ಬಿದ್ದಿತ್ತು. ಆ ತಗ್ಗು ಎರಡು ಗೆಣ್ಣಿನಷ್ಟೇ ಅಗಲ. ಅದರ ಆಚೆ ಈಚೆ ಹುಲ್ಲು ಹೊಸದರ ಹಾಗೇ ಇತ್ತು. ಅಷ್ಟು ವರ್ಷ, ಅಷ್ಟು ಪೆಟ್ಟು, ಎಲ್ಲವೂ ಅದೇ ಜಾಗದಲ್ಲಿ. ನಾನು ಸುಮಾರು ಹೊತ್ತು ಅದನ್ನು ನೋಡುತ್ತಾ ನಿಂತಿದ್ದೆ. ಒಬ್ಬ ಮನುಷ್ಯನ ಕಲಿಕೆಯನ್ನು ಕಣ್ಣಿಂದ ಹಾಗೆ ನೋಡಿದ್ದು ಅದೇ ಮೊದಲು.

ಇನ್ನೂರು ಹೊಡೆಯಬೇಕು ಅಂತ ನಾನು ತಯಾರಾಗಿದ್ದೆ. ಅವರು "ಇಪ್ಪತ್ತು" ಅಂದರು. ಒಂದು ಕೈಗೆ ಇಪ್ಪತ್ತು, ಅಷ್ಟೇ. ಹೊಡೆಯುವುದೂ ಅಲ್ಲ, ಮೊದಲು ಗೆಣ್ಣು ಹುಲ್ಲಿಗೆ ಮುಟ್ಟಿಸಿ ತಳ್ಳು ಅಂದರು. ಹಲಗೆ ಬಾಗುವವರೆಗೆ ತಳ್ಳು, ಹಿಡಿ, ಉಸಿರು ಬಿಡು, ವಾಪಸ್ ಬಾ. ಒಂದು ವಾರ ಬರೀ ತಳ್ಳುವುದು. ಎರಡನೇ ವಾರ ಒಂದು ಗೇಣು ದೂರದಿಂದ ಹೊಡೆತ. ಸದ್ದು ಕೇಳು ಅನ್ನುತ್ತಿದ್ದರು. ನನ್ನದು "ಪಟ್ ಪಟ್" ಅಂತ ಮೇಲ್ಮೇಲೆ ಕೇಳಿಸುತ್ತಿತ್ತು. ಅವರು ಹೊಡೆದರೆ "ದಢ್" ಅಂತ ಒಂದೇ ಸದ್ದು, ಅದು ಹಲಗೆಯ ಬುಡದಿಂದ, ನೆಲದೊಳಗಿಂದ ಬಂದ ಹಾಗೆ. ಸಂಜೆ ಮಳೆ ಹನಿಯುತ್ತಿದ್ದಾಗ ಒಳಗೆ ಕೂತು ಕೇಳಿದರೂ ಹಿತ್ತಲಲ್ಲಿ ಹೊಡೆಯುತ್ತಿರುವವರು ಯಾರು ಅಂತ ಸದ್ದಿನಿಂದಲೇ ಗುರುತು ಹಿಡಿಯಬಹುದಿತ್ತು.

ಚರ್ಮ ಸುಲಿದರೆ ನಿಲ್ಲಿಸಬೇಕು. ರಕ್ತ ಬಂದದ್ದನ್ನು ಸಾಧನೆ ಅಂತ ಫೋಟೋ ಹಾಕುವವರನ್ನು ನೋಡಿ ನನಗೆ ಸಂಕಟ ಆಗುತ್ತದೆ. ಸುಲಿದಿದೆ ಅಂದರೆ ಮುಷ್ಟಿ ಹುಲ್ಲಿನ ಮೇಲೆ ಜಾರಿದೆ ಅಂತ, ನೇರ ಹೋಗಿಲ್ಲ ಅಂತ. ಮೂಳೆಗೆ ಸ್ವಲ್ಪ ಸ್ವಲ್ಪ ಭಾರ ಕೊಟ್ಟರೆ ಅದು ವರ್ಷಗಳಲ್ಲಿ ಗಟ್ಟಿಯಾಗುತ್ತದೆ. ಒಂದೇ ಸಲಕ್ಕೆ ಕೊಟ್ಟರೆ ಕೀಲು ಹಾಳಾಗುತ್ತದೆ. ನನ್ನ ಕ್ಲಾಸಿನಲ್ಲಿ ಹದಿನೆಂಟರ ಒಳಗಿನವರಿಗೆ ನಾನು ಹಲಗೆ ಕೊಡುವುದೇ ಇಲ್ಲ. ಬೆಳೆಯುವ ಮೂಳೆ ಅದು. ಅಪ್ಪ ಅಮ್ಮಂದಿರು ಬಂದು "ಸರ್, ಇವನಿಗೆ ಇಟ್ಟಿಗೆ ಒಡೆಯೋದು ಕಲಿಸಿ" ಅನ್ನುತ್ತಾರೆ. ದಯವಿಟ್ಟು ಕೇಳಬೇಡಿ. ಸೆನ್ಸೇ ದೋಜೋದಲ್ಲಿ ಯಾರೂ ಒಂದು ಇಟ್ಟಿಗೆ ಒಡೆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಕೈಯ ವಿಷಯ ಹೇಳಲೇಬೇಕು. ಕರಾಟೆ ಕಲಿತವರೆಲ್ಲ ಬಲಗೈ ಗುದ್ದುವಾಗ ಎಡಗೈಯನ್ನು ಸೊಂಟಕ್ಕೆ ಎಳೆದುಕೊಳ್ಳುತ್ತೀರಿ. "ಹಿಕಿತೆ" ಅಂತಾರೆ, ಎಳೆಯುವ ಕೈ. ಯಾಕೆ ಎಳೆಯುತ್ತೀರಿ ಅಂತ ನಾನು ಮಕ್ಕಳನ್ನು ಕೇಳಿದರೆ, "ಜೋರು ಬರುತ್ತೆ ಸರ್" ಅನ್ನುತ್ತಾರೆ. ನಾನೂ ಹನ್ನೆರಡು ವರ್ಷ ಅದನ್ನೇ ನಂಬಿದ್ದೆ. ಮುಖದ ಮುಂದಿರಬೇಕಾದ ಕೈಯನ್ನು ಸೊಂಟದಲ್ಲಿಟ್ಟುಕೊಂಡರೆ ಎದುರಿಗಿರುವವನು ಮೂಗಿಗೆ ಕೊಡುವುದಿಲ್ಲವೇ ಅಂತ ಅನುಮಾನ ಇತ್ತು, ಕೇಳಲು ಧೈರ್ಯ ಇರಲಿಲ್ಲ.

ನಾಹಾದಲ್ಲಿ ಕೇಳಿದೆ. ಸೆನ್ಸೇ ಮಾತಾಡಲಿಲ್ಲ. ನನ್ನ ಮುಂದೆ ಬಂದು "ಹಿಡಿ" ಅಂತ ತಮ್ಮ ಮುಂಗೈ ಕೊಟ್ಟರು. ಹಿಡಿದೆ. ಅವರು ಕೈ ತಿರುಗಿಸಿದ್ದಷ್ಟೇ ಗೊತ್ತು, ನನ್ನ ಮಣಿಕಟ್ಟು ಅವರ ಕೈಯಲ್ಲಿತ್ತು. ಆ ಕೈ ಅವರ ಸೊಂಟಕ್ಕೆ ಹೋಯಿತು. ಅದರ ಜೊತೆ ನಾನೂ ಹೋದೆ. ಇನ್ನೊಂದು ಮುಷ್ಟಿ ನನ್ನ ಪಕ್ಕೆಯ ಹತ್ತಿರ ಬಂದು ನಿಂತಿತ್ತು. ನಾನು ಅದರ ಮೇಲೆ ಹೋಗಿ ಬೀಳುತ್ತಿದ್ದೆ. ಅಂದರೆ ಸೊಂಟಕ್ಕೆ ಬರುವ ಕೈ ಖಾಲಿ ಬರುವುದಿಲ್ಲ, ಎದುರಿನವನ ಕೈ ಹಿಡಿದು ತರುತ್ತದೆ.

ನಮ್ಮ ಕಡೆ ಸೇದುವ ಬಾವಿ ಇದ್ದ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಕೊಡ ಮೇಲೆ ತರುವಾಗ ಒಂದು ಕೈ ಹಗ್ಗ ಎಳೆಯುತ್ತಿರುವಾಗಲೇ ಇನ್ನೊಂದು ಕೈ ಮುಂದೆ ಹೋಗಿರುತ್ತದೆ. ಎರಡೂ ಒಂದೇ ಕೆಲಸ. ಒಂದು ನಿಂತರೆ ಕೊಡ ಕೆಳಗೆ. ಒಕಿನಾವಾದವರು ಇದಕ್ಕೆ "ಮೆಓತೊದೆ" ಅನ್ನುತ್ತಾರೆ, ಗಂಡ ಹೆಂಡತಿ ಕೈ ಅಂತ. ಒಂದು ಹೋದ ಕಡೆ ಇನ್ನೊಂದು ಹೋಗಬೇಕು. ಮೊತೊಬು ಚೋಕಿ ಎಂಬ ಗಟ್ಟಿಗರು ಇದನ್ನು ಇನ್ನೂ ಮುಂದಕ್ಕೆ ತಗೊಂಡು ಹೋದರು. ಎರಡೂ ಕೈ ಮುಂದೆಯೇ, ಒಂದರ ಹತ್ತಿರ ಇನ್ನೊಂದು ಇರಲಿ, ಸೊಂಟದಲ್ಲಿ ಇಟ್ಟು ಕಾಯುವುದು ನಿಜವಾದ ಜಗಳಕ್ಕೆ ಆಗದು ಅನ್ನುತ್ತಿದ್ದರು. ಕಾತಾದಲ್ಲಿ, ಅಂದರೆ ಒಬ್ಬರೇ ಮಾಡುವ ಗೊತ್ತಾದ ಚಲನೆಗಳ ಸರಣಿಯಲ್ಲಿ, ಎಳೆಯುವ ಕೈ ಇರುವುದು ಹಿಡಿಯುವುದನ್ನು ಕಲಿಸಲು. ಹಿಡಿಯಲು ಏನೂ ಇಲ್ಲದಾಗ ಅದು ಮುಂದೆ ಇರಬೇಕು. ನನಗೆ ಎರಡೂ ಸರಿ ಅನಿಸುತ್ತದೆ.

ಇದನ್ನು ಕಲಿಯಲು ಕಾಕಿಎ ಅಂತ ಒಂದು ಅಭ್ಯಾಸ ಇದೆ. ಇಬ್ಬರು ಎದುರು ಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳುವುದು, ಎಳೆಯುವುದು. ಅಂಟು ಬಿಡಬಾರದು. ಈ ಅಂಟಿಗೆ ಅವರ ಮಾತಲ್ಲಿ "ಮುಚಿಮಿ" ಅಂತ ಪದ. ಹಲಸಿನ ಹಣ್ಣಿನ ಮೇಣ ಕೈಗೆ ಹತ್ತಿದ್ದು ನೆನಪಿಸಿಕೊಳ್ಳಿ, ಎಳೆದಷ್ಟೂ ಬರುತ್ತದೆ, ಬಿಡುವುದಿಲ್ಲ. ಸೆನ್ಸೇ ಜೊತೆ ಕಾಕಿಎ ಮಾಡುವಾಗ ಅವರ ಕೈ ಭಾರ ಅನಿಸುತ್ತಿತ್ತು. ಬಿಗಿ ಇಲ್ಲ, ಒತ್ತಡ ಇಲ್ಲ, ಸುಮ್ನೆ ಭಾರ. ಒದ್ದೆ ಕಂಬಳಿ ಹೊದಿಸಿದ ಹಾಗೆ. ನಾನು ಎಲ್ಲಿ ಬಿಗಿಯಾದರೂ ಆ ಬಿಗಿಯನ್ನೇ ಹಿಡಿಕೆ ಮಾಡಿಕೊಂಡು ನನ್ನನ್ನು ಅಲ್ಲಾಡಿಸುತ್ತಿದ್ದರು. ಮತ್ತೆ ಅದೇ ಭುಜ.

ಈಗ ತೆರೆದ ಕೈ. ಕರಾಟೆ ಅಂದರೆ ಮುಷ್ಟಿ ಅಂತ ನಾವು ಅಂದುಕೊಂಡಿದ್ದೇವೆ. ಹಳೇ ಕಾತಾಗಳನ್ನು ಕೂತು ಎಣಿಸಿ ನೋಡಿ, ಬಿಚ್ಚಿದ ಕೈ ಎಷ್ಟು ಕಡೆ ಬರುತ್ತದೆ ಅಂತ. ಮಿಯಾಗಿ ಚೋಜುನ್ ಕಟ್ಟಿದ "ತೆನ್‌ಶೋ" ಕಾತಾ ಹೆಚ್ಚುಕಡಿಮೆ ಪೂರ್ತಿ ತೆರೆದ ಕೈಯದ್ದು. ಅಂಗೈ ಬುಡ, ಮಡಚಿದ ಮಣಿಕಟ್ಟಿನ ಮೇಲ್ಭಾಗ, ಬೆರಳು, ಎಲ್ಲವೂ ನೀರಲ್ಲಿ ಕೈಯಾಡಿಸಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತವೆ.

ನಾನು ಹೇಳಿಕೊಡುವಾಗ ಮೊದಲು ಕೊಡುವುದು ಅಂಗೈ ಬುಡ. ತಲೆಬುರುಡೆ ಗಟ್ಟಿ, ಬೆರಳ ಮೂಳೆ ಸಣ್ಣದು. ಗಟ್ಟಿ ಜಾಗಕ್ಕೆ ಮೆತ್ತನೆ ಕೈ, ಮೆತ್ತನೆ ಜಾಗಕ್ಕೆ ಗಟ್ಟಿ ಕೈ. ಗಲ್ಲಕ್ಕೆ ಅಂಗೈ, ಹೊಟ್ಟೆಗೆ ಮುಷ್ಟಿ. ಹೆಣ್ಣುಮಕ್ಕಳ ಸ್ವರಕ್ಷಣೆ ಶಿಬಿರ ಮಾಡಿದಾಗ ಮುಷ್ಟಿ ಕಲಿಸುವುದೇ ಇಲ್ಲ. ಎರಡು ದಿನದಲ್ಲಿ ಮುಷ್ಟಿ ಬರುವುದಿಲ್ಲ, ಸುಮ್ನೆ ಬೆರಳು ಮುರಿದುಕೊಳ್ಳುತ್ತಾರೆ. ಅಂಗೈ ಮತ್ತು "ತೆತ್ಸುಯಿ" ಕೊಡುತ್ತೇನೆ. ತೆತ್ಸುಯಿ ಅಂದರೆ ಸುತ್ತಿಗೆ, ಮುಷ್ಟಿಯ ಕಿರುಬೆರಳಿನ ಪಕ್ಕದ ಮಾಂಸಲ ಭಾಗ. ಬಾಗಿಲು ದಬದಬ ಬಡಿಯುವಾಗ ನಾವೆಲ್ಲ ಬಳಸುವ ಕೈ ಅದು. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಬರುತ್ತದೆ. ಕಲಿಸಬೇಕಾದ್ದು ಎಲ್ಲಿಗೆ ಬಡಿಯಬೇಕು ಅಂತ ಮಾತ್ರ. ಶುತೊ, ಅಂದರೆ ಕೈಯ ಅಲಗು, ಅದೂ ಇದರ ಅಕ್ಕಪಕ್ಕದ್ದೇ. ಬೆರಳು ತಾಗಬಾರದು, ಮಣಿಕಟ್ಟಿನ ಹತ್ತಿರದ ದಪ್ಪ ಭಾಗ ತಾಗಬೇಕು.

ಎರಡನೇ ಸಲ ಹೋದಾಗ ಸೆನ್ಸೇ ನನ್ನನ್ನು ತಮ್ಮ ಸ್ನೇಹಿತರ ಉಎಚಿ-ರ್ಯೂ ದೋಜೋಗೆ ಕರೆದುಕೊಂಡು ಹೋದರು. ಬೇರೆ ಶೈಲಿಯವರ ಬಾಗಿಲಿಗೆ ಶಿಷ್ಯನನ್ನು ತಾವೇ ಕರೆದೊಯ್ಯುವ ಗುರುಗಳು ಇದ್ದಾರಲ್ಲ, ಅದು ನನಗೆ ದೊಡ್ಡ ಪಾಠ. ಅಲ್ಲಿ ಸಾನ್‌ಚಿನ್ ಕಾತಾವನ್ನು ಬಿಚ್ಚಿದ ಕೈಯಲ್ಲಿ ಮಾಡುತ್ತಾರೆ. ಮಾಮೂಲಿ ಮುಷ್ಟಿಯನ್ನು ಕಡಿಮೆ ಬಳಸುತ್ತಾರೆ. ಅವರದ್ದು "ಶೋಕೆನ್". ತೋರುಬೆರಳಿನ ನಡು ಗೆಣ್ಣನ್ನು ಮುಂದೆ ಚಾಚಿ, ಹೆಬ್ಬೆರಳಿನಿಂದ ಆಸರೆ ಕೊಡುವುದು. ಹೆಬ್ಬೆರಳಿನ ಗೆಣ್ಣಿಂದ ಹೊಡೆಯುವುದು "ಬೋಶಿಕೆನ್". ಬೆರಳ ತುದಿಯಿಂದ ತಿವಿಯುವುದು "ನುಕಿತೆ".

ನುಕಿತೆ ನೋಡಿ ನಾನು ನಂಬಿರಲಿಲ್ಲ. ಬೆರಳಿಂದ ಮನುಷ್ಯನನ್ನು ಹೊಡೆಯಲು ಆಗುತ್ತದೆಯೇ? ಅಲ್ಲಿನ ಹಿರಿಯರೊಬ್ಬರು ನನ್ನ ಕೈ ತಗೊಂಡು ಬೆರಳುಗಳನ್ನು ಒಂದಿಷ್ಟೇ ಒಳಕ್ಕೆ ಬಾಗಿಸಿದರು. ಪೂರ್ತಿ ನೆಟ್ಟಗಿದ್ದರೆ ತಾಗಿದಾಗ ಹಿಂದಕ್ಕೆ ಮಡಚುತ್ತದೆ. ಬಾಗಿದ್ದರೆ ಬಿಲ್ಲಿನ ಹಾಗೆ ತಡೆಯುತ್ತದೆ. ಆಮೇಲೆ ತಮ್ಮ ಬೆರಳಿಂದ ನನ್ನ ಕಂಕುಳ ಕೆಳಗೆ, ಪಕ್ಕೆಲುಬಿನ ನಡುವೆ ಮುಟ್ಟಿದರು. ಮುಟ್ಟಿದರು ಅಷ್ಟೇ. ನನ್ನ ಉಸಿರು ನಿಂತಿತು. ಮುಷ್ಟಿ ಆ ಸಂದಿಗೆ ಹೋಗುವುದೇ ಇಲ್ಲ, ಬೆರಳು ಹೋಗುತ್ತದೆ. ಆ ಬೆರಳು ಹೇಗೆ ಬಂತು ಅಂದರೆ, ಮೂಲೆಯಲ್ಲಿದ್ದ ಮಣ್ಣಿನ ಜಾಡಿ ತೋರಿಸಿದರು. ಅದರ ಕಂಠವನ್ನು ಐದು ಬೆರಳ ತುದಿಯಿಂದ ಹಿಡಿದು ಎತ್ತಿ ನಡೆಯುವುದು. ಮೊದಲು ಖಾಲಿ ಜಾಡಿ, ಆಮೇಲೆ ಒಂದೊಂದೇ ಹಿಡಿ ಮರಳು ಹಾಕುತ್ತಾ ಹೋಗುವುದು. ನಾನು ಖಾಲಿ ಜಾಡಿ ಹಿಡಿದು ಹಾಲಿನ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಮುಂಗೈ ಉರಿಯುತ್ತಿತ್ತು. ಅವರ ಜಾಡಿ ಕಂಠದವರೆಗೆ ತುಂಬಿತ್ತು.

ಇಷ್ಟೆಲ್ಲ ಕೈಗಳನ್ನು ಹೇಳಿದೆ. ಇವೆಲ್ಲದರ ಹಿಂದೆ ಕೆಲಸ ಮಾಡುವ ಎರಡು ಮಾತು ಇವೆ, ಒಕಿನಾವಾದ ಹಳೇ ಗುರುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತವೆ. "ಗಾಮಾಕು", "ಚಿಂಕುಚಿ". ಗಾಮಾಕು ಅಂದರೆ ಸೊಂಟದ ಎರಡು ಬದಿ, ಪಕ್ಕೆಗೂ ಸೊಂಟದ ಮೂಳೆಗೂ ನಡುವಿನ ಜಾಗ. ಹೊಡೆತ ಅಲ್ಲಿಂದ ಹೊರಡಬೇಕು. ಚಿಂಕುಚಿ ಹೇಳುವುದು ಸ್ವಲ್ಪ ಕಷ್ಟ. ತಾಗುವ ಕ್ಷಣದಲ್ಲಿ ಕಂಕುಳು, ಬೆನ್ನು, ಹೊಟ್ಟೆ ಒಟ್ಟಿಗೆ ಬಿಗಿದು, ತಕ್ಷಣ ಬಿಟ್ಟುಬಿಡುವುದು. ಒಗೆದ ಪಂಚೆಯನ್ನು ಒಣಗಿಸುವ ಮೊದಲು ಕೊಡವುತ್ತೇವಲ್ಲ, ತುದಿಯಲ್ಲಿ "ಛಟ್" ಅನ್ನುತ್ತದೆ. ಮೊದಲಿಂದ ಕೊನೆವರೆಗೆ ಬಿಗಿ ಹಿಡಿದು ಕೊಡವಿದರೆ ಅನ್ನುವುದಿಲ್ಲ. ಕೈ ಹೋಗುವಾಗ ಪಂಚೆ, ತಾಗುವಾಗ ಆ ಛಟ್. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಿಯುನಾ ರ್ಯೋ ಕಾತಾದಲ್ಲಿ ಚಿನ್ನ ಗೆದ್ದರು. ಒಕಿನಾವಾದವರು, ಆ ದ್ವೀಪಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಅವರ ಕಾತಾ ಸಿಕ್ಕರೆ ನೋಡಿ. ಎಲ್ಲರೂ ಮುಷ್ಟಿ ನೋಡುತ್ತಾರೆ. ನೀವು ಎರಡು ಹೊಡೆತದ ನಡುವೆ ಭುಜ ಎಷ್ಟು ಸಡಿಲ ಇದೆ ಅಂತ ನೋಡಿ.

ಒಂದು ದಿನ ನಾನು ಸೆನ್ಸೇಗೆ ಕೇಳಬಾರದ್ದನ್ನು ಕೇಳಿದೆ. ಈ ಕೈಯಿಂದ ಯಾರನ್ನಾದರೂ ನಿಜಕ್ಕೂ ಹೊಡೆದಿದ್ದೀರಾ ಅಂತ. ಅವರು ಉತ್ತರ ಕೊಡಲಿಲ್ಲ. ಆ ಭಾನುವಾರ ದ್ವೀಪದ ದಕ್ಷಿಣ ತುದಿಯ ಮಾಬುನಿಗೆ ಕರೆದುಕೊಂಡು ಹೋದರು. ಸಮುದ್ರದ ಪಕ್ಕದ ಬೆಟ್ಟ. ಅಲ್ಲಿ ಸಾಲು ಸಾಲು ಕಪ್ಪು ಕಲ್ಲಿನ ಗೋಡೆಗಳಿವೆ. 1945ರ ಒಕಿನಾವಾ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ್ದಾರೆ, ಎರಡು ಲಕ್ಷ ನಲವತ್ತು ಸಾವಿರಕ್ಕೂ ಜಾಸ್ತಿ. ಒಕಿನಾವಾದವರು, ಜಪಾನಿನವರು, ಅಮೆರಿಕದವರು, ಕೊರಿಯಾದವರು, ಎಲ್ಲರ ಹೆಸರೂ ಇದೆ. ಕರಾಟೆಯೂ ಆಗ ಎಷ್ಟೋ ಜನರನ್ನು ಕಳೆದುಕೊಂಡಿತು. ಮಿಯಾಗಿ ಚೋಜುನ್ ತಮ್ಮ ಮಕ್ಕಳನ್ನೂ, ಮುಂದೆ ವಿದ್ಯೆ ಉಳಿಸುತ್ತಾನೆ ಅಂತ ನಂಬಿದ್ದ ಶಿಷ್ಯ ಶಿಂಜಾತೊ ಜಿನ್‌ಆನ್ ಅವರನ್ನೂ ಕಳೆದುಕೊಂಡರು. ಸೆನ್ಸೇಗೆ ಆಗ ನಾಲ್ಕು ವರ್ಷ. ಅವರು ಒಂದು ಗೋಡೆಯ ಮುಂದೆ ಕೂತು, ಒಂದು ಹೆಸರಿನ ಮೇಲೆ ಕೈ ಇಟ್ಟರು. ಅಣ್ಣನ ಹೆಸರು. ಗೆಣ್ಣುಗಳು ದಪ್ಪಗಾದ, ಹಳೇ ಹಗ್ಗದ ಬಣ್ಣದ ಆ ಕೈ ಆ ಅಕ್ಷರಗಳ ಮೇಲೆ ತುಂಬಾ ಹೊತ್ತು ಇತ್ತು. ಆಮೇಲೆ ಎದ್ದು, ಬಿಸಿಲು ಜಾಸ್ತಿ, ನೀರು ಕುಡಿ ಅಂತ ಬಾಟಲಿ ಕೊಟ್ಟರು. ಆ ಪ್ರಶ್ನೆಯನ್ನು ನಾನು ಮತ್ತೆ ಯಾರಿಗೂ ಕೇಳಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಸಾಗರದ ಮನೆ ಹಿತ್ತಲಲ್ಲಿ ಒಂದು ಮಾಕಿವಾರಾ ನಿಲ್ಲಿಸಬೇಕು ಅಂತ ಹಟ ಹಿಡಿದೆ. ಮೊದಲು ನೀಲಗಿರಿ ಹಲಗೆ ಹಾಕಿಸಿದೆ, ಎರಡು ತಿಂಗಳಲ್ಲಿ ಸೀಳಿತು. ತೇಗ ಬಾಗಲೇ ಇಲ್ಲ, ನಾನೇ ದಪ್ಪ ಇಟ್ಟಿದ್ದೆ. ಆಮೇಲೆ ಅಡಿಕೆ ದಬ್ಬೆ ನೆನಪಾಯಿತು. ಬಲಿತ ಮರದ ದಬ್ಬೆ ಮೂರು ತಗೊಂಡು, ಒಂದರ ಮೇಲೊಂದು ಇಟ್ಟು, ಬುಡದಲ್ಲಿ ಮೂರು, ನಡುವಲ್ಲಿ ಎರಡು, ತುದಿಯಲ್ಲಿ ಒಂದು ಬರುವ ಹಾಗೆ ಕಟ್ಟಿದೆ. ಬಾಗುತ್ತದೆ, ವಾಪಸ್ ಬರುತ್ತದೆ. ಏಳು ವರ್ಷದಿಂದ ಮಳೆಗಾಲ ಬಿಟ್ಟು ಉಳಿದ ದಿನವೆಲ್ಲ ಅದೇ ನಿಂತಿದೆ.

ಹಗ್ಗ ಸಿಗಲಿಲ್ಲ. ಅಂಗಡಿಯ ನೈಲಾನ್ ಹಗ್ಗ ಚರ್ಮ ಕಿತ್ತು ತೆಗೆಯುತ್ತದೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರಿದ್ದರು, ಎಪ್ಪತ್ತು ದಾಟಿದವರು. ಹುಲ್ಲಿನ ಹಗ್ಗ ಹೊಸೆಯಲು ಬರುತ್ತದೆ ಅಂದರು. ಭತ್ತದ ಹುಲ್ಲಿಗೆ ನೀರು ಚಿಮುಕಿಸಿ, ರಾತ್ರಿ ಇಟ್ಟು, ಬೆಳಗ್ಗೆ ಜಗಲಿಯಲ್ಲಿ ಕೂತು ಅಂಗೈಯಲ್ಲಿ ಹೊಸೆದರು. ಹೆಬ್ಬೆರಳ ದಪ್ಪ, ಎಂಟು ಮಾರು. ದಬ್ಬೆಗೆ ಸುತ್ತುವಾಗ ನನ್ನ ಸುತ್ತು ಸಡಿಲ ಆಯಿತು ಅಂತ ಬಿಚ್ಚಿಸಿ ತಾವೇ ಸುತ್ತಿದರು.

"ಇದೆಂತಕ್ಕೆ ಮಾರಾಯಾ?" ಅಂದರು.

ಹೊಡೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ನಾನೊಂದು ಹೊಡಿಲಾ ಅಂತ ಕೇಳಿದರು. ಹಗುರ ಹೊಡೀರಿ, ಕೈ ಜೋಪಾನ ಅಂದೆ. ಮುಷ್ಟಿ ಹೇಗೆ ಕಟ್ಟಬೇಕು ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಲು ಸ್ವಲ್ಪ ಅಗಲಿಸಿ ನಿಂತಿದ್ದರು. ಅರವತ್ತು ವರ್ಷ ಗುದ್ದಲಿ ಹಿಡಿದ ಕೈ. ಕಿರುಬೆರಳಿಂದಲೇ ಬಿಗಿಯಿತು. ಒಂದೇ ಏಟು. ದಬ್ಬೆ ಬಾಗಿ, ಬುಡದಲ್ಲಿ "ದಢ್" ಅಂತು.

ನಾನು ಅವರ ಭುಜವನ್ನೇ ನೋಡುತ್ತಿದ್ದೆ. ಅದು ಏಳಲೇ ಇಲ್ಲ.